ಎರಡು ಸಾಕೆಟ್ ಮೆಷಿನ್‌ನಲ್ಲಿ ಥ್ರೆಡ್ ಜಾಸ್ತಿ ಮಾಡಿದರೆ ನಿಧಾನ: ಕ್ಯಾಶ್ ಕೊಹೆರೆನ್ಸ್ ಟ್ರಾಫಿಕ್ ಕಡಿಮೆ ಮಾಡುವುದು ಹೇಗೆ?

ಉಳ್ಳಾಲ_ಅಲೆ

ನಮಸ್ಕಾರ. ಸುರತ್ಕಲ್‌ನಲ್ಲಿ ಎಂ.ಟೆಕ್ ಮಾಡುತ್ತಿದ್ದೇನೆ. ಸಿವಿಲ್ ಕಡೆಯಿಂದ ಬಂದವಳು, ಹಾಗಾಗಿ ಪ್ರಶ್ನೆ ತೀರಾ ಸಣ್ಣದು ಅನ್ನಿಸಿದರೆ ಬೈಯಬೇಡಿ.

ಉಳ್ಳಾಲದ ಕಡಲ್ಕೊರೆತದ ಮೇಲೆ ಒಂದು ಮಾದರಿ ಬರೆದಿದ್ದೇನೆ. 4096 × 4096 ಚೌಕಗಳ ಗ್ರಿಡ್, ಎಲ್ಲ ಡಬಲ್ (8 ಬೈಟ್‌ನ ದಶಮಾಂಶ ಸಂಖ್ಯೆ). ಪ್ರತಿ ಹೆಜ್ಜೆಯಲ್ಲೂ ಒಂದೊಂದು ಚೌಕ ತನ್ನ ಅಕ್ಕಪಕ್ಕದ ನಾಲ್ಕು ಚೌಕ ನೋಡಿ ನೀರಿನ ಮಟ್ಟ ಲೆಕ್ಕ ಹಾಕುತ್ತದೆ. ಜೊತೆಗೆ ಎಷ್ಟು ಮರಳು ಸರಿಯಿತು ಎಂದು ಪ್ರತಿ ಥ್ರೆಡ್ (ಒಟ್ಟಿಗೆ ಓಡುವ ಕೆಲಸದ ಒಂದು ಎಳೆ) ತನ್ನದೇ ಮೊತ್ತ ಇಟ್ಟುಕೊಳ್ಳುತ್ತದೆ. ಸಿ++, ಜೊತೆಗೆ ಕೆಲಸವನ್ನು ಥ್ರೆಡ್‌ಗಳಿಗೆ ಹಂಚುವ ಓಪನ್‌ಎಂಪಿ. ಮೆಷಿನ್‌ಗೆ ಎರಡು ಸಾಕೆಟ್, ಅಂದರೆ ಎರಡು ಪ್ರೊಸೆಸರ್ ಚಿಪ್, ಒಂದೊಂದರಲ್ಲಿ 16 ಕೋರ್.

ಒಂದೇ ಸಾಕೆಟ್‌ಗೆ ಕಟ್ಟಿಹಾಕಿ 16 ಥ್ರೆಡ್ ಕೊಟ್ಟರೆ ಚೆಂದ ಓಡುತ್ತದೆ. 32 ಕೊಟ್ಟರೆ 16ಕ್ಕಿಂತಲೂ ನಿಧಾನ! ಗೈಡ್ ಹತ್ತಿರ ಕೇಳಿದೆ. "ಕೊಹೆರೆನ್ಸ್ ಟ್ರಾಫಿಕ್ ಇರಬೇಕು, ನೋಡು" ಎಂದು ಹೇಳಿ ಮೀಟಿಂಗ್‌ಗೆ ಹೋದರು. ಎಲ್ಲಿಂದ ನೋಡುವುದು?

ಪಡುಬಿದ್ರಿ_ಪೋರ

ನಾನೂ ಕೂತು ಕೇಳುತ್ತೇನೆ. ಬಿ.ಇ. ಮೂರನೇ ವರ್ಷ. ಕೊಹೆರೆನ್ಸ್ ಎಂದರೆ ಎಂತ ಎಂದು ಪರೀಕ್ಷೆಗೆ ಬರೆದಿದ್ದೇನೆ, ಅರ್ಥ ಮಾತ್ರ ಆಗಿಲ್ಲ.

ಮಣಿಪಾಲದ_ಮೇಷ್ಟ್ರು

ಸಣ್ಣ ಪ್ರಶ್ನೆ ಏನಲ್ಲಮ್ಮ. ಎಷ್ಟೋ ಪಿಎಚ್‌ಡಿಗಳಿಗೆ ಅನ್ನ ಹಾಕಿದ ಪ್ರಶ್ನೆ ಇದು.

ಪೋರನಿಗೆ ಮೊದಲು. ಪ್ರತಿ ಕೋರ್‌ಗೂ ಅದರದ್ದೇ ಕ್ಯಾಶ್ ಇದೆ, ಮೆಮೊರಿಯ ಡೇಟಾದ ಪ್ರತಿ ಇಟ್ಟುಕೊಳ್ಳುವ ಸಣ್ಣ, ವೇಗದ ಜಾಗ. ಒಂದೇ ಡೇಟಾದ ಪ್ರತಿ ಹತ್ತು ಕ್ಯಾಶ್‌ಗಳಲ್ಲಿ ಇರಬಹುದು. ಎಲ್ಲರೂ ಸುಮ್ನೆ ಓದುತ್ತಾ ಇದ್ದರೆ ತೊಂದರೆ ಇಲ್ಲ. ಒಬ್ಬ ಬರೆದ ಕೂಡಲೇ ಉಳಿದ ಒಂಬತ್ತು ಪ್ರತಿ ಹಳತಾದವು. ಹಳತನ್ನು ಯಾರೂ ಓದದ ಹಾಗೆ ನೋಡಿಕೊಳ್ಳುವುದೇ ಕೊಹೆರೆನ್ಸ್.

ಇದಕ್ಕೆ ಎರಡು ದಾರಿ. ಒಂದು ಸ್ನೂಪಿಂಗ್. ಜೀಪಿಗೆ ಮೈಕ್ ಕಟ್ಟಿ "ಇಂದು ರಾತ್ರಿ ಯಕ್ಷಗಾನ" ಎಂದು ಊರಿಡೀ ಸಾರಿದ ಹಾಗೆ. ಬೇಕಾದವರಿಗೂ ಕೇಳುತ್ತದೆ, ಬೇಡದವರಿಗೂ ಕೇಳುತ್ತದೆ. ಊರು ದೊಡ್ಡದಾದರೆ ಜೀಪ್ ಸಾಲುವುದಿಲ್ಲ. ಇನ್ನೊಂದು ಡೈರೆಕ್ಟರಿ. ಯಾರ ಹತ್ತಿರ ಪ್ರತಿ ಉಂಟು ಎಂದು ಪಟ್ಟಿ ಇಟ್ಟುಕೊಂಡು ಅಷ್ಟೇ ಜನಕ್ಕೆ ಫೋನ್ ಮಾಡುವುದು. ಸೆನ್ಸಿಯೆ ಮತ್ತು ಫೋತ್ರಿಯೆ ಎಂಬಿಬ್ಬರು 1978ರಲ್ಲೇ ಇದನ್ನು ಬರೆದಿಟ್ಟಿದ್ದಾರೆ.

ಮೆಮೊರಿ ಹಲವು ನೋಡ್‌ಗಳಲ್ಲಿ (ಪ್ರೊಸೆಸರ್ ಮತ್ತು ಅದರ ಮೆಮೊರಿ ಸೇರಿದ ಘಟಕ) ಹಂಚಿಹೋಗಿದ್ದರೆ ಪ್ರತಿ ಕ್ಯಾಶ್ ಲೈನ್‌ಗೂ (ಕ್ಯಾಶ್ ಒಮ್ಮೆಗೆ ತರುವ ತುಂಡು) ಒಂದು ಮನೆ ನೋಡ್ ಇರುತ್ತದೆ. ಪಟ್ಟಿ ಇರುವುದು ಅಲ್ಲಿ. ಈಗ ಎಣಿಸಿ. ಬೇರೆ ಎಂಟು ಕಡೆ ಪ್ರತಿ ಇರುವ ಲೈನ್‌ಗೆ ನೀವು ಬರೆಯಬೇಕು. ಮನೆಗೆ ಒಂದು ಕೋರಿಕೆ. ಎಂಟು ಕಡೆಗೆ "ನಿಮ್ಮ ಪ್ರತಿ ಬಿಸಾಡಿ" ಎಂಬ ಸಂದೇಶ. ಎಂಟು ಕಡೆಯಿಂದ "ಆಯ್ತು" ಎಂಬ ಉತ್ತರ. ಕೊನೆಗೆ ನಿಮಗೆ ಅನುಮತಿ. ಒಂದು ಸಲ ಬರೆಯಲು 18 ಸಂದೇಶ. ಬರೆದದ್ದು 8 ಬೈಟ್ ಇರಬಹುದು, ಲೆಕ್ಕ ಮಾತ್ರ ಪೂರ್ತಿ ಲೈನಿನದ್ದು. ಇಂಟೆಲ್, ಎಎಂಡಿ ಮೆಷಿನ್‌ಗಳಲ್ಲಿ ಒಂದು ಲೈನ್ ಎಂದರೆ 64 ಬೈಟ್.

ಬಿಜೈ_ಭಟ್

ಮೇಷ್ಟ್ರು ಪಾಠ ಶುರು ಮಾಡಿದರು, ಒಳ್ಳೆಯದಾಯ್ತು. ನನಗೆ ಕೋಡ್ ಬೇಕು. ಎರಡೇ ಜಾಗ ತೋರಿಸಿ. ಗ್ರಿಡ್‌ಗೆ ಮೊದಲ ಸಲ ಸೊನ್ನೆ ತುಂಬಿಸುವುದು ಎಲ್ಲಿ? ಆ ಮರಳಿನ ಮೊತ್ತವನ್ನು ಎಲ್ಲಿ ಇಟ್ಟಿದ್ದೀರಿ?

ಉಳ್ಳಾಲ_ಅಲೆ

ಮೊತ್ತ: ಡಬಲ್‌ಗಳ ಒಂದು ಅರೇ, 32 ಜಾಗ. ಪ್ರತಿ ಥ್ರೆಡ್ ತನ್ನ ಥ್ರೆಡ್ ನಂಬರಿನ ಜಾಗಕ್ಕೆ ಕೂಡಿಸುತ್ತದೆ, ಒಳಗಿನ ಲೂಪ್‌ನಲ್ಲೇ. ಯಾರೂ ಇನ್ನೊಬ್ಬರ ಜಾಗ ಮುಟ್ಟುವುದಿಲ್ಲ, ಹಾಗಾಗಿ ಲಾಕ್ ಹಾಕಿಲ್ಲ.

ಗ್ರಿಡ್: ಮೈನ್‌ನಲ್ಲೇ ಮ್ಯಾಲಾಕ್ ಮಾಡಿ ಜಾಗ ಕೇಳುತ್ತೇನೆ, ಅಲ್ಲೇ ಮೆಮ್‌ಸೆಟ್ ಮಾಡಿ ಸೊನ್ನೆ ತುಂಬಿಸುತ್ತೇನೆ. ಆಮೇಲೆ ಪ್ಯಾರಲಲ್ ಭಾಗ ಶುರು.

ಬಿಜೈ_ಭಟ್

ಎರಡೂ ಕಡೆ ಸಿಕ್ಕಿತು ಮಾರಾಯ್ರೆ.

ಮೊದಲು ಮೊತ್ತ. 32 ಡಬಲ್ ಎಂದರೆ 256 ಬೈಟ್. ಬರೀ ನಾಲ್ಕು ಲೈನ್. ಒಂದೊಂದು ಲೈನ್‌ನಲ್ಲಿ ಎಂಟು ಥ್ರೆಡ್‌ಗಳ ಮೊತ್ತ ಒತ್ತಿಕೊಂಡು ಕೂತಿವೆ. ನಿಮ್ಮ ಲೆಕ್ಕದಲ್ಲಿ ಯಾರೂ ಯಾರ ಜಾಗವನ್ನೂ ಮುಟ್ಟಿಲ್ಲ. ಹಾರ್ಡ್‌ವೇರ್‌ಗೆ ವೇರಿಯಬಲ್ ಗೊತ್ತಿಲ್ಲ, ಲೈನ್ ಮಾತ್ರ ಗೊತ್ತು. ಅದರ ಕಣ್ಣಿಗೆ ಎಂಟು ಜನ ಒಂದೇ ಲೈನ್‌ಗೆ ಕಿತ್ತಾಡುತ್ತಿದ್ದಾರೆ. ಫಾಲ್ಸ್ ಶೇರಿಂಗ್ ಎನ್ನುವುದು ಇದಕ್ಕೆ. 16 ಥ್ರೆಡ್ ಒಂದೇ ಸಾಕೆಟ್‌ನಲ್ಲಿ ಇದ್ದಾಗ ಕಿತ್ತಾಟ ಆ ಚಿಪ್ ಒಳಗೇ ಮುಗಿಯುತ್ತಿತ್ತು. 32ಕ್ಕೆ ಹೋದಾಗ, ಥ್ರೆಡ್‌ಗಳು ಯಾವ ಕೋರ್‌ನಲ್ಲಿ ಕೂರಬೇಕು ಎಂದು ನೀವು ಹೇಳದಿದ್ದರೆ, ಅದೇ ಲೈನ್ ಎರಡು ಸಾಕೆಟ್ ನಡುವೆ ಓಡಾಡುತ್ತದೆ.

"ಕಂಪೈಲರ್ ಅದನ್ನು ಕೋರ್ ಒಳಗಿನ ರಿಜಿಸ್ಟರ್‌ನಲ್ಲಿ ಇಟ್ಟುಕೊಳ್ಳುವುದಿಲ್ಲವಾ?" ಎಂದು ಯಾರಾದರೂ ಕೇಳುತ್ತಾರೆ. ಇಲ್ಲಿ ಕಷ್ಟ. ಗ್ರಿಡ್ ಕೂಡ ಡಬಲ್, ಮೊತ್ತ ಕೂಡ ಡಬಲ್, ಎರಡಕ್ಕೂ ಪಾಯಿಂಟರ್ ಮೂಲಕ ಬರೆಯುತ್ತಿದ್ದೀರಿ. ಎರಡೂ ಒಂದೇ ಜಾಗಕ್ಕೆ ತೋರಿಸುತ್ತಿರಬಹುದೇನೋ ಎಂಬ ಸಂಶಯಕ್ಕೆ ಕಂಪೈಲರ್ ಪ್ರತಿ ಸಲ ಮೆಮೊರಿಗೆ ಬರೆಯುತ್ತದೆ. ಲೂಪ್ ಒಳಗೆ ಒಂದು ಲೋಕಲ್ ವೇರಿಯಬಲ್ ಇಟ್ಟು, ಕೊನೆಗೆ ಒಮ್ಮೆ ಕೂಡಿಸಿ. ಓಪನ್‌ಎಂಪಿಯ ರಿಡಕ್ಷನ್ ಇದನ್ನೇ ಮಾಡುತ್ತದೆ.

ಇನ್ನು ಗ್ರಿಡ್. ಮ್ಯಾಲಾಕ್ ಮಾಡಿದಾಗ ಮೆಮೊರಿಯ ಪುಟ (ಆಪರೇಟಿಂಗ್ ಸಿಸ್ಟಮ್ ಒಮ್ಮೆಗೆ ಕೊಡುವ ತುಂಡು) ನಿಜವಾಗಿ ಸಿಗುವುದಿಲ್ಲ. ಯಾವ ಕೋರ್ ಮೊದಲು ಮುಟ್ಟುತ್ತದೋ ಅದರ ಸಾಕೆಟ್‌ನ ಮೆಮೊರಿಯಿಂದ ಲಿನಕ್ಸ್ ಪುಟ ಕೊಡುತ್ತದೆ. ನಿಮ್ಮ ಮೆಮ್‌ಸೆಟ್ ಮೈನ್ ಥ್ರೆಡ್‌ನಲ್ಲಿ. ಅಂದರೆ 128 ಎಂಬಿ ಗ್ರಿಡ್ ಪೂರ್ತಿ ಒಂದೇ ಸಾಕೆಟ್‌ನ ಮೆಮೊರಿಗೆ ಹೋಗಿ ಕೂತಿದೆ. ಇನ್ನೊಂದು ಸಾಕೆಟ್‌ನ 16 ಕೋರ್‌ಗಳು ಪ್ರತಿಯೊಂದಕ್ಕೂ ಲಿಂಕ್ ದಾಟಿ ಬರಬೇಕು. ಯಾವ ಥ್ರೆಡ್ ಯಾವ ಸಾಲುಗಳ ಲೆಕ್ಕ ಮಾಡುತ್ತದೋ ಅದೇ ಥ್ರೆಡ್ ಆ ಸಾಲುಗಳಿಗೆ ಸೊನ್ನೆ ತುಂಬಿಸಲಿ. ಶೆಡ್ಯೂಲ್ ಎರಡು ಕಡೆಯೂ ಸ್ಟ್ಯಾಟಿಕ್ ಇರಲಿ, ಅಂದರೆ ಯಾವ ಸಾಲು ಯಾರಿಗೆ ಎಂಬುದು ಮೊದಲೇ ನಿಗದಿ. ಥ್ರೆಡ್‌ಗಳನ್ನು ಕೋರ್‌ಗೆ ಕಟ್ಟಿಹಾಕಿ. ಇಲ್ಲದಿದ್ದರೆ ಅವು ಆಚೀಚೆ ಹೋಗಿ ಮಾಡಿದ್ದೆಲ್ಲ ವ್ಯರ್ಥ.

ಕೊಡಿಯಾಲ್_ಕರ್ನಲ್

ಭಟ್ರು ಹೇಳಿದ್ದು ಸರಿ, ಆದರೆ ನಂಬಬೇಡಿ, ಅಳೆದು ನೋಡಿ. ಲಿನಕ್ಸ್‌ನಲ್ಲಿ ಕ್ಯಾಶ್ ಲೈನ್‌ಗಳ ಕಿತ್ತಾಟ ಅಳೆಯುವ ಪರ್ಫ್ ಸಿ2ಸಿ ಎಂಬ ಸಾಧನ ಉಂಟು. ಮೊದಲು ರೆಕಾರ್ಡ್, ಆಮೇಲೆ ರಿಪೋರ್ಟ್. ಅದರಲ್ಲಿ ಹಿಟ್‌ಎಂ ಎಂಬ ಕಾಲಂ ನೋಡಿ. ನೀವು ಓದಲು ಹೋದ ಲೈನ್ ಬೇರೆ ಕೋರ್‌ನ ಕ್ಯಾಶ್‌ನಲ್ಲಿ ಬದಲಾದ ಸ್ಥಿತಿಯಲ್ಲಿ ಸಿಕ್ಕಿತು ಎಂದು ಅರ್ಥ. ಲೋಕಲ್ ಬೇರೆ, ರಿಮೋಟ್ ಬೇರೆ ತೋರಿಸುತ್ತದೆ. ಹಿಟ್‌ಎಂ ಜಾಸ್ತಿ ಇರುವ ಲೈನ್ ಮೊದಲು ಬರುತ್ತದೆ. ಕೆಳಗೆ ಆ ಲೈನ್‌ನ ಎಷ್ಟನೇ ಬೈಟ್‌ಗೆ ಯಾವ ಫಂಕ್ಷನ್ ಬರೆಯಿತು, ಯಾವುದು ಓದಿತು ಎಂದೂ ಬರುತ್ತದೆ. ಒಂದೇ ಲೈನ್, ಬೇರೆ ಬೇರೆ ಆಫ್‌ಸೆಟ್, ಬೇರೆ ಬೇರೆ ಕೋರ್ ಎಂದು ಕಂಡರೆ ಫಾಲ್ಸ್ ಶೇರಿಂಗ್ ಎಂದು ಮುಖದ ಮೇಲೆ ಬರೆದಂತೆ.

ಮೊತ್ತಗಳ ನಡುವೆ ಖಾಲಿ ಜಾಗ ಬಿಟ್ಟು ಪ್ಯಾಡಿಂಗ್ ಹಾಕುವುದಾದರೆ ಇಂಟೆಲ್‌ನಲ್ಲಿ 64 ಬದಲು 128 ಬೈಟ್ ಬಿಡಿ. ಪಕ್ಕದ ಲೈನನ್ನೂ ಜೋಡಿಯಾಗಿ ತರುವ ಪ್ರಿಫೆಚರ್ ಒಂದು ಅದರಲ್ಲಿ ಇದೆ.

ಕಾಪು_ಲೈಟ್‌ಹೌಸ್

ಇಷ್ಟೆಲ್ಲ ಯಾಕೆ? ಪ್ರೋಗ್ರಾಂಗಳು ಒಂದಕ್ಕೊಂದು ಸಂದೇಶ ಕಳಿಸುವ ಎಂಪಿಐನಲ್ಲಿ ಬರೆಯಿರಿ. ಯಾವ ಡೇಟಾ ಯಾವಾಗ ದಾಟುತ್ತದೆ ಎಂದು ಕಣ್ಣಿಗೆ ಕಾಣುತ್ತದೆ. ಶೇರ್ಡ್ ಮೆಮೊರಿ ಎಂದರೆ ಸಂದೇಶ ಕಳಿಸುವುದೇ, ಕಳಿಸುವುದು ಕಾಣುವುದಿಲ್ಲ ಅಷ್ಟೇ. ಕಾಣದ ಖರ್ಚನ್ನು ಹೇಗೆ ಕಡಿಮೆ ಮಾಡುತ್ತೀರಿ? ಕ್ರೇ ಕಂಪನಿಯವರು ಟಿ3ಡಿ ಸೂಪರ್‌ಕಂಪ್ಯೂಟರ್ ಮಾಡುವಾಗ ಹಂಚಿದ ಮೆಮೊರಿ ಕೊಟ್ಟರು, ಹಾರ್ಡ್‌ವೇರ್‌ನಲ್ಲಿ ಪೂರ್ತಿ ಕೊಹೆರೆನ್ಸ್ ಕೊಡಲಿಲ್ಲ. ಅವರೇನು ದಡ್ಡರಾ?

ಮಣಿಪಾಲದ_ಮೇಷ್ಟ್ರು

ದಡ್ಡರಲ್ಲ. ಆದರೆ ಟಿ3ಡಿ ಮೇಲೆ ಪ್ರೋಗ್ರಾಂ ಬರೆದವರ ಗೋಳನ್ನೂ ಕೇಳಬೇಕಲ್ವಾ? ಖರ್ಚು ಕಾಣುವುದಿಲ್ಲ ಎಂಬ ಮಾತು ಒಪ್ಪುತ್ತೇನೆ. ಅದಕ್ಕೇ ಹಾರ್ಡ್‌ವೇರ್‌ನವರು ಎಲ್ಲೆಲ್ಲಿ ಉಳಿಸಿದರು ಎಂದು ನೋಡುವುದು ಒಳ್ಳೆಯದು.

ಸ್ಟ್ಯಾನ್‌ಫರ್ಡ್‌ನ ಡ್ಯಾಶ್ ಮೆಷಿನ್, 1990ರ ದಶಕದ ಶುರು. ನಾಲ್ಕು ಪ್ರೊಸೆಸರ್‌ಗೆ ಒಂದು ಕ್ಲಸ್ಟರ್. ಒಳಗೆ ಬಸ್ ಮೇಲೆ ಸ್ನೂಪಿಂಗ್, ಕ್ಲಸ್ಟರ್‌ಗಳ ನಡುವೆ ಡೈರೆಕ್ಟರಿ. ತನ್ನ ಕ್ಲಸ್ಟರ್‌ನ ಮೆಮೊರಿ ಸುಮಾರು 30 ಸೈಕಲ್, ದೂರದ್ದು ಸುಮಾರು 100. ಇನ್ಯಾರೋ ಬದಲಾಯಿಸಿ ಇಟ್ಟುಕೊಂಡಿದ್ದರೆ 130ರ ಆಸುಪಾಸು. ಆ ಕೊನೆಯದಕ್ಕೆ ಸಾದಾ ಪ್ರೋಟೋಕಾಲ್‌ನಲ್ಲಿ ಸಂದೇಶ ನಾಲ್ಕು ಸಲ ಲಿಂಕ್ ದಾಟಬೇಕು: ಮನೆಗೆ, ಮನೆಯಿಂದ ಮಾಲೀಕನಿಗೆ, ವಾಪಸ್ ಮನೆಗೆ, ಆಮೇಲೆ ಕೇಳಿದವನಿಗೆ. ಡ್ಯಾಶ್‌ನಲ್ಲಿ ಮಾಲೀಕ ನೇರವಾಗಿ ಕೇಳಿದವನಿಗೇ ಕಳಿಸುತ್ತಾನೆ. ಮೂರೇ ಸಲ ದಾಟಿದರೆ ಸಾಕು. ಪ್ರೋಟೋಕಾಲ್ ಬರೆಯುವವನ ತಲೆನೋವು ಮಾತ್ರ ಜಾಸ್ತಿ ಆಯ್ತು. ಮನೆ ನೋಡ್‌ಗೆ ಸುದ್ದಿ ಮುಟ್ಟುವ ಮೊದಲೇ ಇನ್ನೊಬ್ಬ ಕೇಳಿಕೊಂಡು ಬಂದರೆ ಎಂತ ಮಾಡುವುದು ಎಂದೆಲ್ಲ ನೋಡಿಕೊಳ್ಳಬೇಕು.

ಅದೇ ತಂಡ 1990ರಲ್ಲಿ ರಿಲೀಸ್ ಕನ್ಸಿಸ್ಟೆನ್ಸಿ ತಂದಿತು. ಬರೆದದ್ದು ಒಂದೊಂದೂ ಕೂಡಲೇ ಎಲ್ಲರಿಗೂ ಕಾಣಬೇಕು ಎಂಬ ಹಟ ಬಿಟ್ಟರು. ಲಾಕ್ ಬಿಡುವ ಹೊತ್ತಿಗೆ ಎಲ್ಲ ಕಂಡರೆ ಸಾಕು. ಅಲ್ಲಿಯ ತನಕ "ಆಯ್ತು" ಎಂಬ ಉತ್ತರಕ್ಕೆ ಕಾಯದೆ ಮುಂದೆ ಹೋಗು. ಇದರಿಂದ ಸಂದೇಶ ಅಷ್ಟೇನೂ ಕಡಿಮೆ ಆಗುವುದಿಲ್ಲ, ಕಾಯುವುದು ತಪ್ಪುತ್ತದೆ. ಎರಡೂ ಬೇರೆ ಬೇರೆ ಲಾಭ. ತುಂಬಾ ಜನ ಗೊಂದಲ ಮಾಡಿಕೊಳ್ಳುತ್ತಾರೆ.

ಸಂದೇಶವನ್ನೇ ನಿಜವಾಗಿ ಕಡಿಮೆ ಮಾಡಿದವರು ರೈಸ್ ವಿಶ್ವವಿದ್ಯಾಲಯದವರು. ಹಾರ್ಡ್‌ವೇರ್ ಇಲ್ಲ, ಸಾದಾ ವರ್ಕ್‌ಸ್ಟೇಷನ್‌ಗಳನ್ನು ನೆಟ್‌ವರ್ಕ್‌ನಲ್ಲಿ ಜೋಡಿಸಿ ಶೇರ್ಡ್ ಮೆಮೊರಿಯ ಹಾಗೆ ತೋರಿಸುವುದು. ಇದಕ್ಕೆ ದಾರಿ ತೋರಿಸಿದ್ದು ಕಾಯ್ ಲಿ ಅವರ ಐವಿ ಎಂಬ ವ್ಯವಸ್ಥೆ, 1986. ಅದರಲ್ಲಿ ಲೆಕ್ಕ ಪುಟದ್ದು. ಪುಟ ಎಂದರೆ ಸಾವಿರಾರು ಬೈಟ್. ಹಾಗಾಗಿ ಫಾಲ್ಸ್ ಶೇರಿಂಗ್ ಭೀಕರ. ರೈಸ್‌ನ ಟ್ರೆಡ್‌ಮಾರ್ಕ್ಸ್ ಎರಡು ಉಪಾಯ ಮಾಡಿತು. ಮೊದಲ ಸಲ ಬರೆಯುವಾಗ ಪುಟದ ಇನ್ನೊಂದು ಪ್ರತಿ ತೆಗೆದಿಡು. ಆಮೇಲೆ ಎರಡನ್ನೂ ಹೋಲಿಸಿ, ಬದಲಾದ ಪದಗಳನ್ನಷ್ಟೇ ಕಳಿಸು. ಇದರಿಂದ ಇಬ್ಬರು ಒಂದೇ ಪುಟದ ಬೇರೆ ಬೇರೆ ಭಾಗಕ್ಕೆ ಜಗಳ ಇಲ್ಲದೆ ಬರೆಯಬಹುದು. ಎರಡನೆಯದು, ಲಾಕ್ ಬಿಡುವಾಗ ಊರಿಗೆಲ್ಲ ಸುದ್ದಿ ಬೇಡ. ಮುಂದೆ ಯಾರು ಲಾಕ್ ಹಿಡಿಯುತ್ತಾರೋ ಅವರಿಗೆ ಮಾತ್ರ, ಲಾಕ್ ಕೊಡುವ ಸಂದೇಶದ ಜೊತೆಗೇ ಹೇಳು. 1992ರ ಲೇಜಿ ರಿಲೀಸ್ ಕನ್ಸಿಸ್ಟೆನ್ಸಿ ಇದು. ಇಡೀ ಕ್ಷೇತ್ರದಲ್ಲಿ ನನಗೆ ತುಂಬಾ ಇಷ್ಟವಾದ ಉಪಾಯ. ಸೋಮಾರಿತನಕ್ಕೆ ಇಷ್ಟು ಒಳ್ಳೆಯ ಬೆಲೆ ಬೇರೆಲ್ಲೂ ಸಿಕ್ಕಿಲ್ಲ.

ಬಿಜೈ_ಭಟ್

ಮೇಷ್ಟ್ರೇ, ಪಟ್ಟಿಯ ಖರ್ಚು ಬಿಟ್ಟಿರಿ. ಪ್ರತಿ ಲೈನ್‌ಗೂ ಪ್ರತಿ ನೋಡ್‌ಗೆ ಒಂದು ಬಿಟ್ ಇಡಬೇಕಲ್ಲ. 64 ನೋಡ್ ಇದ್ದರೆ 512 ಬಿಟ್ ಡೇಟಾಗೆ 64 ಬಿಟ್ ಪಟ್ಟಿ, ನೂರಕ್ಕೆ 12.5. 1024 ನೋಡ್ ಆದರೆ ಪಟ್ಟಿಯೇ ಡೇಟಾದ ಎರಡರಷ್ಟು!

ಮಣಿಪಾಲದ_ಮೇಷ್ಟ್ರು

ಬಿಟ್ಟದ್ದಲ್ಲ ಭಟ್ರೆ, ಅದಕ್ಕೆ ನಮ್ಮೂರಿನ ಕಥೆಯೇ ಇದೆ ಎಂದು ಉಳಿಸಿಕೊಂಡೆ.

ಎಂಐಟಿಯಲ್ಲಿ ಆಲ್‌ವೈಫ್ ಎಂಬ ಮೆಷಿನ್ ಕಟ್ಟಿದರು. ಅದರ ಡೈರೆಕ್ಟರಿ ಹೆಸರು ಲಿಮಿಟ್‌ಲೆಸ್, 1991. ಬರೆಯುವ ಹೊತ್ತಿಗೆ ಹೆಚ್ಚಿನ ಲೈನ್‌ಗಳ ಪ್ರತಿ ಇರುವುದು ಕೆಲವೇ ಕಡೆ ಎಂದು ಆಗಲೇ ಗೊತ್ತಿತ್ತು. ಹಾಗಾದರೆ ಎಲ್ಲರಿಗೂ ಬಿಟ್ ಯಾಕೆ? ಆಲ್‌ವೈಫ್‌ನ ಹಾರ್ಡ್‌ವೇರ್‌ನಲ್ಲಿ ಐದೇ ಪಾಯಿಂಟರ್. ಅದಕ್ಕಿಂತ ಜಾಸ್ತಿ ಜನ ಬಂದರೆ ಪ್ರೊಸೆಸರ್‌ಗೆ ಟ್ರ್ಯಾಪ್ (ಕೆಲಸ ನಿಲ್ಲಿಸಿ ಸಾಫ್ಟ್‌ವೇರನ್ನು ಕರೆಯುವುದು), ಉಳಿದ ಪಟ್ಟಿಯನ್ನು ಸಾಫ್ಟ್‌ವೇರ್ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಅಪರೂಪಕ್ಕೆ ಆಗುವುದು ನಿಧಾನ ಆದರೂ ಪರವಾಗಿಲ್ಲ.

ಆ ಪ್ರಾಜೆಕ್ಟ್ ನಡೆಸಿದವರು ಅನಂತ್ ಅಗರ್ವಾಲ್. ಶಾಲೆ ಓದಿದ್ದು ಮಂಗಳೂರಿನ ಸೇಂಟ್ ಅಲೋಶಿಯಸ್‌ನಲ್ಲಿ. ಆಮೇಲೆ ಐಐಟಿ ಮದ್ರಾಸ್, ಸ್ಟ್ಯಾನ್‌ಫರ್ಡ್, ಎಂಐಟಿ.

ಪಡುಬಿದ್ರಿ_ಪೋರ

ಆನ್‌ಲೈನ್ ಕೋರ್ಸ್‌ಗಳ ಎಡ್‌ಎಕ್ಸ್ ಶುರು ಮಾಡಿದ ಅನಂತ್ ಅಗರ್ವಾಲಾ?! ಅವರ ಸರ್ಕ್ಯೂಟ್ಸ್ ಕೋರ್ಸ್ ನಾನು ಅರ್ಧ ನೋಡಿದ್ದೇನೆ. ಅಲೋಶಿಯಸ್ ಎದುರಿಂದ ಎಷ್ಟು ಸಲ ಬಸ್ಸಲ್ಲಿ ಹೋಗಿದ್ದೇನೆ ಮಾರಾಯ್ರೆ, ಯಾರೂ ಹೇಳಲಿಲ್ಲ.

ಕೊಡಿಯಾಲ್_ಕರ್ನಲ್

ಅವರೇ. ಟೈಲೆರಾ ಕಂಪನಿಯೂ ಅವರದ್ದೇ, 2007ರಲ್ಲಿ 64 ಕೋರ್‌ನ ಚಿಪ್ ತಂದಿತ್ತು.

ಇವತ್ತಿನ ಸರ್ವರ್‌ಗಳೂ ಹಳೆಯ ಡೈರೆಕ್ಟರಿ ದಾರಿಗೇ ಬಂದಿವೆ. ಎಎಂಡಿ 2009ರಲ್ಲಿ ಇಸ್ತಾಂಬುಲ್ ಆಪ್ಟೆರಾನ್ ಚಿಪ್‌ನಲ್ಲಿ ಪ್ರೋಬ್ ಫಿಲ್ಟರ್ ಎಂಬ ಡೈರೆಕ್ಟರಿ ಹಾಕಿತು. ಎಲ್ಲ ಸಾಕೆಟ್‌ಗಳಿಗೂ ಕೂಗಿ ಕೇಳುವುದು ತಪ್ಪಲಿ ಎಂದು 6 ಎಂಬಿ ಎಲ್3 ಕ್ಯಾಶ್‌ನಲ್ಲಿ 1 ಎಂಬಿಯನ್ನು ಪಟ್ಟಿಗೇ ಬಿಟ್ಟುಕೊಟ್ಟರು. ಕ್ಯಾಶ್‌ನ ಆರನೇ ಒಂದು ಭಾಗ! ಸುಮ್ನೆ ಯಾರೂ ಅಷ್ಟು ಬಿಟ್ಟುಕೊಡುವುದಿಲ್ಲ.

ಉಳ್ಳಾಲ_ಅಲೆ

ಎಲ್ಲರಿಗೂ ಥ್ಯಾಂಕ್ಸ್! ಸಿ2ಸಿ ಓಡಿಸಿದೆ. ಮೇಲಿನ ನಾಲ್ಕು ಲೈನ್ ಅದೇ ಮರಳಿನ ಅರೇ. ಆಫ್‌ಸೆಟ್ 0, 8, 16... ಹೀಗೆ ಸಾಲಾಗಿ ಇತ್ತು. ರಿಡಕ್ಷನ್ ಹಾಕಿದ ಮೇಲೆ ಅವು ಪಟ್ಟಿಯಲ್ಲೇ ಇಲ್ಲ. ಸೊನ್ನೆ ತುಂಬಿಸುವುದನ್ನೂ ಥ್ರೆಡ್‌ಗಳಿಗೆ ಹಂಚಿದೆ, ಕೋರ್‌ಗೂ ಕಟ್ಟಿದೆ. ಈಗ 32 ಥ್ರೆಡ್ ನಿಜವಾಗಿಯೂ 16ಕ್ಕಿಂತ ಬೇಗ.

ಇನ್ನೊಂದು ಪ್ರಶ್ನೆ. ಈಗ ಗ್ರಿಡ್‌ನ ಸಾಲುಗಳನ್ನು ಪಟ್ಟೆ ಪಟ್ಟೆಯಾಗಿ ಹಂಚಿದ್ದೇನೆ. ಚೌಕಾಕಾರದ ತುಂಡು ಮಾಡಿದರೆ ಗಡಿ ಕಡಿಮೆ, ಸಂವಹನ ಕಡಿಮೆ ಎಂದು ಓದಿದೆ. ಹಾಗೆ ಮಾಡಲಾ?

ಕೊಡಿಯಾಲ್_ಕರ್ನಲ್

ಮಾಡುವ ಮೊದಲು ಲೆಕ್ಕ ಹಾಕೋಣ. 16 ಥ್ರೆಡ್ ಎಂದುಕೊಳ್ಳಿ, 4 × 4 ಆಗುತ್ತದೆ, ಸುಲಭ.

ಪಟ್ಟೆ: ನಡುವಿನ ಥ್ರೆಡ್‌ಗೆ ಮೇಲೊಂದು ಸಾಲು, ಕೆಳಗೊಂದು ಸಾಲು ಪಕ್ಕದವರಿಂದ ಬೇಕು. 2 × 4096 ಚೌಕ, 8192. ತುಂಡು: ಒಂದು ಬದಿ 1024 ಚೌಕ, ನಾಲ್ಕು ಬದಿ ಸೇರಿ 4096. ಅರ್ಧಕ್ಕೆ ಇಳಿಯಿತು. ಪುಸ್ತಕ ಹೇಳುವುದು ಇಲ್ಲಿಯ ತನಕ.

ಈಗ ಲೈನ್ ಲೆಕ್ಕ. ಒಂದು ಲೈನ್‌ಗೆ 8 ಡಬಲ್. ಪಟ್ಟೆಯ ಸಾಲು ಮೆಮೊರಿಯಲ್ಲಿ ಒಂದರ ಪಕ್ಕ ಒಂದು ಇರುತ್ತದೆ, ಹಾಗಾಗಿ 8192 / 8 = 1024 ಲೈನ್. ತುಂಡಿನ ಮೇಲೆ ಕೆಳಗಿನ ಬದಿಗಳು 2048 / 8 = 256 ಲೈನ್. ಎಡ ಬಲದ ಬದಿಗಳು? ಕಾಲಂನಲ್ಲಿ ಒಂದೊಂದು ಚೌಕವೂ ಬೇರೆ ಬೇರೆ ಲೈನ್‌ನಲ್ಲಿ. 8 ಬೈಟ್ ಬೇಕು ಎಂದು 64 ಬೈಟ್ ತರಬೇಕು. 2048 ಲೈನ್. ಒಟ್ಟು 2304. ಪಟ್ಟೆಯ ಎರಡರಷ್ಟಕ್ಕಿಂತ ಜಾಸ್ತಿ!

ಎಡ ಬಲದ ಗಡಿಯನ್ನು ಅದರ ಮಾಲೀಕನೇ ಒಂದು ಸಣ್ಣ ಬಫರ್‌ಗೆ ಒತ್ತಾಗಿ ನಕಲು ಮಾಡಿ ಇಟ್ಟರೆ ಅದೂ 256 ಲೈನ್ ಆಗುತ್ತದೆ. ಆಗ ಒಟ್ಟು 512, ಪಟ್ಟೆಯ ಅರ್ಧ. ಬಫರ್ ಇಲ್ಲದೆ ತುಂಡು ಮಾಡಬೇಡಿ.

ಕಾಪು_ಲೈಟ್‌ಹೌಸ್

ಬಫರ್‌ಗೆ ಒತ್ತಿ ಪಕ್ಕದವನಿಗೆ ಕೊಡುವುದು. ಎಂಪಿಐ ಎಂದು ಹೇಳಿದ್ದೆ ನಾನು. 😀

ಕೊಡಿಯಾಲ್_ಕರ್ನಲ್

ಸರಿ ಅಣ್ಣ, ಅಷ್ಟರ ಮಟ್ಟಿಗೆ ಗೆದ್ದಿರಿ. ಆದರೆ ಈ ಮೆಷಿನ್‌ಗೆ ಅದೂ ಬೇಡ. 32 ಥ್ರೆಡ್ ಇದ್ದಾಗ ಒಂದೊಂದಕ್ಕೆ 5,24,288 ಚೌಕ, ಅಂದರೆ 65,536 ಲೈನ್. ಅದರಲ್ಲಿ ಗಡಿಯಿಂದ ಬರುವುದು 1024. ನೂರಕ್ಕೆ ಒಂದೂವರೆ. ಮೆಮೊರಿಯಿಂದ ತನ್ನದೇ ಡೇಟಾ ತರುವ ಹೊತ್ತಿನಲ್ಲಿ ಇದು ಕಣ್ಣಿಗೂ ಬೀಳುವುದಿಲ್ಲ. ಪಟ್ಟೆಯಲ್ಲೇ ಇರಿ. ನೂರಾರು ನೋಡ್‌ಗೆ ಹೋದ ದಿನ ತುಂಡು ಮಾಡಿ.

ಉಳ್ಳಾಲ_ಅಲೆ

ಓ, ಒಂದು ವಾರದ ಕೆಲಸ ಉಳಿಯಿತು ಅಕ್ಕ. ಆದರೆ ಸಿ2ಸಿಯಲ್ಲಿ ಈಗ ಮೇಲೆ ಬರುತ್ತಿರುವುದು ಮಲ್ಟಿಗ್ರಿಡ್ ಸಾಲ್ವರ್‌ನ (ಒಂದೇ ಲೆಕ್ಕವನ್ನು ದೊಡ್ಡದರಿಂದ ಸಣ್ಣದರ ತನಕ ಹಲವು ಗ್ರಿಡ್‌ಗಳಲ್ಲಿ ಮಾಡುವುದು) ಸಣ್ಣ ಗ್ರಿಡ್‌ಗಳು. 64 × 64 ಮತ್ತು ಅದಕ್ಕಿಂತ ಸಣ್ಣವು. ಇಷ್ಟು ಸಣ್ಣದರಲ್ಲಿ ಎಂತ ಟ್ರಾಫಿಕ್?

ಮಣಿಪಾಲದ_ಮೇಷ್ಟ್ರು

ಸಣ್ಣದು ಎಂಬುದೇ ತೊಂದರೆ. 64 ಸಾಲನ್ನು 32 ಥ್ರೆಡ್‌ಗೆ ಹಂಚಿದರೆ ಒಬ್ಬನಿಗೆ ಎರಡು ಸಾಲು. ಎರಡೂ ಗಡಿಯೇ! ಲೆಕ್ಕ ಇಲ್ಲ, ಬರೀ ಸಂವಹನ. ಮೇಲಾಗಿ ಇಡೀ ಗ್ರಿಡ್ 32 ಕೆಬಿ, ಒಂದು ಕೋರ್‌ನ ಎಲ್2 ಕ್ಯಾಶ್‌ನಲ್ಲಿ ಆರಾಮಾಗಿ ಕೂರುತ್ತದೆ. ಅದನ್ನು 32 ಕಡೆಗೆ ಹರಿದು ಹಂಚುತ್ತಿದ್ದೀರಿ. ಸಣ್ಣ ಮಟ್ಟಗಳನ್ನು ಒಂದೇ ಸಾಕೆಟ್‌ನ ಕೆಲವೇ ಥ್ರೆಡ್‌ಗಳಿಗೆ ಕೊಡಿ. ತೀರಾ ಸಣ್ಣವನ್ನು ಒಬ್ಬನೇ ಮಾಡಲಿ.

ಹಾಗೆಯೇ ಸ್ಟ್ಯಾನ್‌ಫರ್ಡ್‌ನವರ ಸ್ಪ್ಲ್ಯಾಶ್-2 ಎಂಬ ಪರೀಕ್ಷಾ ಪ್ರೋಗ್ರಾಂಗಳ ಕಟ್ಟಿನಲ್ಲಿ ಓಷನ್ ಎಂಬ ಪ್ರೋಗ್ರಾಂ ಇದೆ, 1995ರದ್ದು. ಸಮುದ್ರದ ಪ್ರವಾಹದ ಮಾದರಿ, ಮಲ್ಟಿಗ್ರಿಡ್ ಸಾಲ್ವರ್. ನಿಮ್ಮದಕ್ಕೆ ಹತ್ತಿರದ ಸಂಬಂಧಿ. ಒಮ್ಮೆ ಓದಿ ನೋಡಿ.

ಪಡುಬಿದ್ರಿ_ಪೋರ

ನಡುವೆ ಒಂದು ಪ್ರಶ್ನೆ. ಓದುವವರೇ ಜಾಸ್ತಿ ಇದ್ದರೆ ರೀಡರ್ ರೈಟರ್ ಲಾಕ್ (ಓದುವವರು ಹಲವರು, ಬರೆಯುವವನು ಒಬ್ಬನೇ) ಹಾಕಿದರೆ ಟ್ರಾಫಿಕ್ ಇರುವುದಿಲ್ಲ ಅಲ್ವಾ?

ಕೊಡಿಯಾಲ್_ಕರ್ನಲ್

ಇರುತ್ತದೆ. ಓದಲು ಲಾಕ್ ಹಿಡಿಯುವವನೂ ಲಾಕ್ ಒಳಗಿನ ಎಣಿಕೆಗೆ ಒಂದು ಕೂಡಿಸುತ್ತಾನೆ. ಅದು ಬರೆಯುವುದೇ. ಡೇಟಾ ಓಡಾಡದಿದ್ದರೂ ಲಾಕ್‌ನ ಲೈನ್ ಓಡಾಡುತ್ತದೆ. ಸಿ++ನಲ್ಲಿ ಎಣಿಕೆ ಇಟ್ಟುಕೊಳ್ಳುವ ಶೇರ್ಡ್ ಪಾಯಿಂಟರನ್ನು ಸುಮ್ನೆ ನಕಲು ಮಾಡಿದರೂ ಇದೇ ಕಥೆ.

ಸ್ಪಿನ್‌ಲಾಕ್‌ನಲ್ಲಿ ಎಲ್ಲರೂ ಒಂದೇ ಲೈನ್ ನೋಡುತ್ತಾ ಕಾದರೆ, ಲಾಕ್ ಬಿಟ್ಟಾಗ ಎಲ್ಲರ ಪ್ರತಿಯೂ ಹೋಗಿ ಎಲ್ಲರೂ ಮತ್ತೆ ತರಬೇಕು. 1991ರ ಎಂಸಿಎಸ್ ಲಾಕ್‌ನಲ್ಲಿ ಪ್ರತಿಯೊಬ್ಬ ತನ್ನದೇ ಲೈನ್ ನೋಡುತ್ತಾ ಕಾಯುತ್ತಾನೆ, ಬಿಡುವವನು ಮುಂದಿನವನ ಲೈನ್‌ಗೆ ಮಾತ್ರ ಬರೆಯುತ್ತಾನೆ. ಲಿನಕ್ಸ್ ಕರ್ನಲ್‌ನಲ್ಲಿ 2015ರಿಂದ ಅದರದ್ದೇ ಒಂದು ರೂಪ ಇದೆ.

ಉಳ್ಳಾಲ_ಅಲೆ

ಸಣ್ಣ ಮಟ್ಟಗಳಿಗೆ ಥ್ರೆಡ್ ಕಡಿಮೆ ಮಾಡುವುದು ಹೇಗೆ? ಪ್ರತಿ ಮಟ್ಟಕ್ಕೂ ಬೇರೆ ಪ್ಯಾರಲಲ್ ಭಾಗ ಬರೆಯಲಾ?

ಬಿಜೈ_ಭಟ್

ಬೇಡ. ಥ್ರೆಡ್ ತಂಡದ ಗಾತ್ರವನ್ನು ಪದೇ ಪದೇ ಬದಲಾಯಿಸಿದರೆ ಅದಕ್ಕೇ ಬೇರೆ ಖರ್ಚು. 32 ಜನ ಹಾಗೇ ಇರಲಿ. ಓಪನ್‌ಎಂಪಿಗೆ OMP_PROC_BIND=close, OMP_PLACES=cores ಎಂದು ಕೊಡಿ. ಕೋರ್ ನಂಬರ್‌ಗಳು ಸಾಕೆಟ್ ಪ್ರಕಾರ ಸಾಲಾಗಿ ಇದ್ದರೆ 0ಯಿಂದ 15ರ ತನಕದ ಥ್ರೆಡ್‌ಗಳು ಮೊದಲ ಸಾಕೆಟ್‌ನಲ್ಲಿ ಕೂರುತ್ತವೆ. ಎಲ್ಎಸ್‌ಸಿಪಿಯು ಕಮಾಂಡ್ ಕೊಟ್ಟು ನೋಡಿದರೆ ಗೊತ್ತಾಗುತ್ತದೆ, ಕೆಲವು ಮೆಷಿನ್‌ಗಳಲ್ಲಿ ಒಂದು ಬಿಟ್ಟು ಒಂದು ಇರುತ್ತದೆ. ಆಮೇಲೆ ಸಣ್ಣ ಮಟ್ಟ ಬಂದಾಗ ಥ್ರೆಡ್ ನಂಬರ್ ನೋಡಿ ನಾಲ್ಕೋ ಎಂಟೋ ಜನಕ್ಕೆ ಮಾತ್ರ ಸಾಲು ಹಂಚಿ. ಉಳಿದವರು ನೇರ ಬ್ಯಾರಿಯರ್‌ಗೆ (ಎಲ್ಲರೂ ಬಂದು ಸೇರುವ ಜಾಗ) ಹೋಗಿ ಕಾಯಲಿ. ಆ ಸಣ್ಣ ಗ್ರಿಡ್‌ಗಳಿಗೆ ಸೊನ್ನೆ ತುಂಬಿಸುವುದೂ ಅದೇ ನಾಲ್ಕೆಂಟು ಜನ, ಮರೆಯಬೇಡಿ.

ನಾಲ್ಕಾ ಎಂಟಾ ಎಂದು ನನ್ನನ್ನು ಕೇಳಬೇಡಿ. ಎರಡನ್ನೂ ಓಡಿಸಿ, ಸಿ2ಸಿ ರಿಪೋರ್ಟ್ ಇಲ್ಲಿ ಹಾಕಿ.